ಕಾಲೊಳಗಿನ ಕಲ್ಲು

ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಮೇಲೆ ಆ ಪಾತ್ರೆಯನ್ನು ಯಾರೂ ಅಲುಗಿಸಕೂಡದು ಎಂಬುದು ನಮ್ಮ ಚಿಕ್ಕಮ್ಮನ ಅಡುಗೆಮನೆಯ ಕಟ್ಟಪ್ಪಣೆಯಾಗಿತ್ತು. ಉಗುರುಬೆಚ್ಚಗಿನ ಹಾಲು, ಒಂದು ಚಮಚ ಹೆಪ್ಪು, ರಾತ್ರಿಯಿಡೀ ಯಾರೂ ಮುಟ್ಟದ ಒಂದು ಮೂಲೆ. ಇಷ್ಟಿದ್ದರೆ ಬೆಳಗಾಗುವಷ್ಟರಲ್ಲಿ ಹರಿಯುವ ಹಾಲು ಗಟ್ಟಿಯಾಗಿ ಕೂತಿರುತ್ತದೆ. ಇದೇ ಮಾತನ್ನು ಕನ್ನಡಿಗರು ರಕ್ತಕ್ಕೂ ಆಡುತ್ತೇವೆ. ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಸದ್ಯ ನಿಂತಿತಲ್ಲ ಎಂದು ನಿಟ್ಟುಸಿರುಬಿಡುತ್ತೇವೆ. ಗಾಯವೇ ಇಲ್ಲದ ಕಡೆ, ನಾಳದೊಳಗೆ, ಕಣ್ಣಿಗೆ ಕಾಣದಂತೆ ಅದು ಹೆಪ್ಪುಗಟ್ಟಬಹುದೆಂಬುದು ನಮಗೆ ಹೊಳೆಯುವುದು ಅಪರೂಪ. ಆ ಚಿಕ್ಕಮ್ಮನ ಮಗನ ಎಡಗಾಲಿನಲ್ಲೇ ಹಾಗಾದಾಗ ನನಗೂ ಹೊಳೆದಿರಲಿಲ್ಲ.

ಅವನಿಗೆ ಕೆಲವು ವರ್ಷಗಳಿಂದ, ಯಾರೂ ಆಡದ ಮಾತುಗಳು ಕಿವಿಗೆ ಬೀಳುವ ಕಾಯಿಲೆ. ಮಾತ್ರೆ ನುಂಗುತ್ತಾನೆ, ಒಂದಿಷ್ಟು ದಿನ ಚೆನ್ನಾಗಿರುತ್ತಾನೆ, ತೋಟಕ್ಕೂ ಹೋಗಿಬರುತ್ತಾನೆ, ಮತ್ತೆ ಕುಸಿಯುತ್ತಾನೆ. ಆ ತಿಂಗಳು ವೈದ್ಯರು ಔಷಧ ಬದಲಿಸಿದ್ದರು. ಹೊಸ ಮಾತ್ರೆಯ ಮಂಪರಿನಲ್ಲಿ ಅವನು ಹಗಲಲ್ಲೂ ಜಗಲಿಯ ಮಂಚ ಬಿಟ್ಟು ಏಳುತ್ತಿರಲಿಲ್ಲ. ನಾನು ಹೋದ ದಿನ ಮಲಗಿದಲ್ಲಿಂದಲೇ, 'ಅಮ್ಮ, ನನ್ನ ಕಾಲೊಳಗೆ ಯಾರೋ ಕಲ್ಲು ಇಟ್ಟಿದಾರೆ' ಎಂದ. ಚಿಕ್ಕಮ್ಮ ನನ್ನ ಕಡೆ ತಿರುಗಿ, 'ಇವನದು ಇದ್ದದ್ದೇ ಕಣೋ, ದಿನಕ್ಕೊಂದು ಹೇಳ್ತಾನೆ' ಎಂದಳು. ಆ ದನಿಯಲ್ಲಿ ತಿರಸ್ಕಾರವಿರಲಿಲ್ಲ, ವರ್ಷಗಟ್ಟಲೆ ನೋಡಿಕೊಂಡವರ ಆಯಾಸವಿತ್ತು. ನಾನು ತಲೆಯಾಡಿಸಿ ಕಾಫಿ ಕುಡಿದೆ. ಎರಡು ದಿನ ಬಿಟ್ಟು ಮಾಮೂಲಿನಂತೆ ಮಾತ್ರೆ ತರಲು ಅವನನ್ನು ಕರೆದುಕೊಂಡು ಹೋದಾಗ, ಅವನು ಕಾಲೆಳೆದು ನಡೆಯುವುದನ್ನು ಕಂಡ ಒಬ್ಬ ನರ್ಸಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿ, ದರ್ಜಿಗಳ ಬಳಿ ಇರುವಂಥ ಟೇಪು ತಂದು, ಮೊದಲು ಬಲಗಾಲಿನ, ಆಮೇಲೆ ಎಡಗಾಲಿನ ಮೀನಖಂಡದ ಸುತ್ತಳತೆ ತೆಗೆದರು. ಎಡಗಾಲು ಮೂರು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿತ್ತು. ಆಮೇಲಿನದು ಸ್ಕ್ಯಾನು, ಇಂಜೆಕ್ಷನ್ನು, ರಕ್ತ ತೆಳುವಾಗಿಡುವ ಮಾತ್ರೆಗಳು, ಹಲವು ತಿಂಗಳ ಎಚ್ಚರ. ಅವನು ಉಳಿದುಕೊಂಡ.

ಘಟನೆ ಇಷ್ಟೇ. ಅಂದಿನಿಂದ ನನ್ನನ್ನು ಬಿಡದೆ ಕಾಡುತ್ತಿರುವುದು ಆ ಒಂದು ವಾಕ್ಯ. ಕಾಲೊಳಗೆ ಕಲ್ಲು ಇಟ್ಟಂತಿದೆ ಎಂದು ನಾನು ಹೇಳಿದ್ದರೆ ಕೇಳಿದವರು ಅದನ್ನು ಉಪಮೆಯೆಂದು ತಿಳಿದು, ಎಲ್ಲಿ, ಯಾವಾಗಿನಿಂದ, ತೋರಿಸು ನೋಡೋಣ ಎನ್ನುತ್ತಿದ್ದರು. ಅವನು ಹೇಳಿದ್ದರಿಂದ ಅದು ಭ್ರಮೆಯಾಯಿತು. ಹರಿಯಬೇಕಾದ ರಕ್ತ ಗಟ್ಟಿಯಾಗಿ ಒಂದೆಡೆ ಕೂತು ಭಾರವಾಗಿದ್ದುದನ್ನು ಅದಕ್ಕಿಂತ ಕರಾರುವಾಕ್ಕಾಗಿ ಯಾವ ಪಂಡಿತ ಹೇಳಿಯಾನು? ಯಾರೋ ಇಟ್ಟಿದ್ದಾರೆ ಎಂಬ ಎರಡು ಪದ ರೋಗದ್ದಿರಬಹುದು. ಕಲ್ಲು ಎಂಬುದು ಕಾಲಿನದೇ ಮಾತಾಗಿತ್ತು. ಒಂದೇ ವಾಕ್ಯದೊಳಗೆ ಮನಸ್ಸಿನ ನೋವೂ ದೇಹದ ನೋವೂ ಜೊತೆಯಾಗಿ ಬಂದಾಗ, ಮೊದಲನೆಯದನ್ನು ಗುರುತಿಸಿದ ಜಾಣತನದಲ್ಲೇ ಎರಡನೆಯದನ್ನು ನಾವೆಲ್ಲ ಕೈಬಿಟ್ಟಿದ್ದೆವು.

ಇಂಥ ಔಷಧಗಳಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ನಂಟಿದೆ ಎಂಬುದು ಹೊಸ ಸಂಗತಿಯೇನಲ್ಲ. ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಝೀನನ್ನು ಪ್ಯಾರಿಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದ್ದು 1952ರಲ್ಲಿ. ಸರಪಳಿ, ಕತ್ತಲೆಕೋಣೆ, ತಣ್ಣೀರಿನ ಟಬ್ಬುಗಳನ್ನೇ ಕಂಡಿದ್ದ ಹುಚ್ಚಾಸ್ಪತ್ರೆಗಳಲ್ಲಿ ಆ ಔಷಧ ತಂದ ಶಾಂತಿಯನ್ನು ಅಂದಿನವರು ಪವಾಡವೆಂದೇ ಬಗೆದರು. ಅದೇ ದಶಕದಲ್ಲಿ ಜರ್ಮನಿಯ ವೈದ್ಯರು, ಈ ಗುಂಪಿನ ಔಷಧ ಪಡೆದ ಕೆಲವರ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ ಎಂದು ಬರೆದರು. ಆ ಮಾತು ಹೆಚ್ಚು ದೂರ ಹೋಗಲಿಲ್ಲ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಬರಹಗಳು ಬಂದವು. ಸ್ವೀಡನ್ನಿನಿಂದ, ಕ್ಲೋಜಪಿನ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದ 12 ಮಂದಿಯಲ್ಲಿ ಹೀಗಾದದ್ದರ ವರದಿ. ಜೋರ್ನ್‌ಬರ್ಗ್ ಮತ್ತು ಜಿಕ್ ಅವರಿಂದ, ಹಳೆಯ ತಲೆಮಾರಿನ ಔಷಧಗಳನ್ನು ನುಂಗುವವರಲ್ಲಿ ಈ ಅಪಾಯ ಸುಮಾರು ಏಳು ಪಟ್ಟು, ಅದೂ ಮೊದಲ ಮೂರು ತಿಂಗಳಲ್ಲೇ ಅತಿ ಹೆಚ್ಚು ಎಂಬ ಲೆಕ್ಕ. ಸುಮಾರು ಅರ್ಧ ಶತಮಾನದಷ್ಟು ಈ ನಡುವಿನ ಮೌನಕ್ಕೆ ಏನೆನ್ನಬೇಕು? ಇದೇ ಅಪಾಯ ಬೇರೆ ಯಾವುದೋ ಮಾತ್ರೆಯದಾಗಿ, ಅದನ್ನು ನುಂಗುವವರು ನ್ಯಾಯಾಲಯಕ್ಕೆ ಹೋಗಬಲ್ಲ, ಪತ್ರಿಕೆಗೆ ಬರೆಯಬಲ್ಲ, ಹೇಳಿದರೆ ನಂಬಿಸಿಕೊಳ್ಳಬಲ್ಲ ಜನರಾಗಿದ್ದರೆ ಆ ಮೌನ ಅಷ್ಟು ದೀರ್ಘವಾಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಇವೆಲ್ಲಕ್ಕಿಂತ ದೊಡ್ಡದು. ಪಾರ್ಕರ್, ಕೂಪ್‌ಲ್ಯಾಂಡ್, ಹಿಪಿಸ್ಲಿ ಕಾಕ್ಸ್ ಎಂಬವರು ಬ್ರಿಟನ್ನಿನ ಕುಟುಂಬವೈದ್ಯರ ಕಡತಗಳಿಂದ, ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ 25,532 ಮಂದಿಯನ್ನೂ ಹಾಗಾಗದ 89,491 ಮಂದಿಯನ್ನೂ ಹೋಲಿಸಿ ನೋಡಿದರು. ಹಿಂದಿನ ಎರಡು ವರ್ಷಗಳಲ್ಲಿ ಮನೋವಿಕಾರದ ಈ ಔಷಧಗಳನ್ನು ತೆಗೆದುಕೊಂಡವರಲ್ಲಿ ಅಪಾಯ ಶೇಕಡಾ 32ರಷ್ಟು ಹೆಚ್ಚು. ಹಿಂದಿನ ಮೂರು ತಿಂಗಳಲ್ಲಿ ಹೊಸದಾಗಿ ಆರಂಭಿಸಿದವರಲ್ಲಿ ಹತ್ತಿರಹತ್ತಿರ ಇಮ್ಮಡಿ. ಹೆಚ್ಚು ಸೌಮ್ಯವೆಂದು ಹೆಸರಾದ ಹೊಸ ತಲೆಮಾರಿನ ಔಷಧಗಳಲ್ಲಿ ಇದು ಕಡಿಮೆಯಾಗಿರಲಿಲ್ಲ, ಹಳೆಯವುಗಳಿಗಿಂತ ಹೆಚ್ಚೇ ಇತ್ತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದೇ ಲೇಖಕರು ಅದೇ ಬರಹದಲ್ಲಿ ಇನ್ನೊಂದು ಅಂಕಿಯನ್ನೂ ಕೊಟ್ಟಿದ್ದಾರೆ: ಹತ್ತು ಸಾವಿರ ಮಂದಿ ಒಂದು ವರ್ಷ ಈ ಔಷಧ ತೆಗೆದುಕೊಂಡರೆ ಅದರಿಂದಾಗಿ ಹೆಚ್ಚುವರಿಯಾಗಿ ಹೀಗಾಗುವುದು ನಾಲ್ವರಿಗೆ, ಅರವತ್ತೈದು ದಾಟಿದವರಲ್ಲಿ ಹತ್ತು ಮಂದಿಗೆ.

ಶೇಕಡಾ 32 ಎಂಬುದೂ ನಿಜ, ಹತ್ತು ಸಾವಿರಕ್ಕೆ ನಾಲ್ಕು ಎಂಬುದೂ ನಿಜ. ಮೊದಲಿನದನ್ನು ಮಾತ್ರ ಹೇಳಿದರೆ ಮನೆಯವರು ಗಾಬರಿಯಾಗಿ ಅಂದೇ ಮಾತ್ರೆಯನ್ನು ಚರಂಡಿಗೆ ಸುರಿದಾರು. ಎರಡನೆಯದನ್ನು ಮಾತ್ರ ಹೇಳಿದರೆ ಅಷ್ಟು ಸಣ್ಣದಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕೆಂದು ಮರೆತುಬಿಟ್ಟಾರು. ಒಂದೇ ಸಂಗತಿಯ ಈ ಎರಡು ಮುಖಗಳನ್ನು ಒಟ್ಟಿಗೆ ಹಿಡಿದುಕೊಂಡು ಕೂರುವುದು ನಮ್ಮ ಮನಸ್ಸಿಗೆ ಯಾಕಿಷ್ಟು ಕಷ್ಟ? ಭಯವಿದ್ದರೆ ಪೂರ್ತಿ ಭಯ, ನೆಮ್ಮದಿಯಾದರೆ ಪೂರ್ತಿ ನೆಮ್ಮದಿ ನಮಗೆ ಬೇಕು. ಆದರೆ ರೈತನೊಬ್ಬ ಹಾವಿರುವ ಹೊಲದಲ್ಲಿ ದಿನವೂ ದುಡಿಯುತ್ತಾನೆ. ಹಾವಿದೆಯೆಂದು ಹೊಲ ಬಿಡುವುದಿಲ್ಲ, ಕಚ್ಚುವುದು ಅಪರೂಪವೆಂದು ರಾತ್ರಿ ಬ್ಯಾಟರಿಯಿಲ್ಲದೆ ನೀರು ಕಟ್ಟಲು ಹೋಗುವುದೂ ಇಲ್ಲ. ಅಂಥ ತಿಳಿವು ನಮ್ಮ ಜನಕ್ಕೆ ಹೊಸದಲ್ಲ. ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಅದು ತಮ್ಮಲ್ಲಿಲ್ಲವೆಂದು ಅವರು ಅಂದುಕೊಳ್ಳುತ್ತಾರೆ. ಅವರಲ್ಲಿಲ್ಲವೆಂದು ನಾವೂ ಅಂದುಕೊಳ್ಳುತ್ತೇವೆ.

ಈ ಇಬ್ಬಗೆಯ ನಿಜ ಅತ್ಯಂತ ತೀವ್ರವಾಗಿ ಕಾಣುವುದು ಕ್ಲೋಜಪಿನ್ ವಿಷಯದಲ್ಲಿ. ರಕ್ತ ಹೆಪ್ಪುಗಟ್ಟುವುದರ ದೂರು ಅದರ ಮೇಲೆ ಬಹಳ ಕಾಲದಿಂದಿದೆ, ರಕ್ತದ ಬಿಳಿಕಣಗಳನ್ನು ಅಪಾಯಕರವಾಗಿ ಇಳಿಸಬಹುದೆಂಬ ಇನ್ನೂ ದೊಡ್ಡ ದೂರು ಅದಕ್ಕೂ ಹಿಂದಿನದು. ಹಾಗಿದ್ದರೂ 2009ರಲ್ಲಿ ಫಿನ್ಲೆಂಡಿನ ಟಿಹೊನೆನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇದ್ದ 66,881 ಮಂದಿಯನ್ನು ಹನ್ನೊಂದು ವರ್ಷಗಳ ದಾಖಲೆಗಳಲ್ಲಿ ಹಿಂಬಾಲಿಸಿ ನೋಡಿದಾಗ, ಸಾವು ಎಲ್ಲಕ್ಕಿಂತ ಕಡಿಮೆ ಕಂಡದ್ದು ಇದೇ ಔಷಧ ಪಡೆದವರಲ್ಲಿ. ಔಷಧವನ್ನೇ ತೆಗೆದುಕೊಳ್ಳದವರ ಪಾಡು ತೆಗೆದುಕೊಂಡವರಿಗಿಂತ ಕೆಟ್ಟದಾಗಿತ್ತು. ಆ ಲೆಕ್ಕದ ವಿಧಾನದ ಬಗ್ಗೆ ತಕರಾರುಗಳೂ ಬಂದಿವೆ, ಬರಲಿ. ಕೈಹಿಡಿದು ಬದುಕಿಸುವುದೇ ಅಪರೂಪಕ್ಕೊಮ್ಮೆ ಕಾಲೆಡವಿಸಲೂ ಬಹುದೆಂಬ ಮಾತನ್ನು ಒಪ್ಪಿಕೊಳ್ಳಲು ಮಾತ್ರ ನನಗೆ ಈಗ ಕಷ್ಟವಾಗುತ್ತಿಲ್ಲ. ಹೆತ್ತವರೂ ಗುರುಗಳೂ ನಮಗೆ ಮಾಡಿದ್ದೆಲ್ಲ ಒಳಿತಷ್ಟೇ ಆಗಿತ್ತೇನು? ಆದರೂ ಅವರಿಲ್ಲದೆ ನಾವಿರುತ್ತಿರಲಿಲ್ಲ.

ಮತ್ತೆ, ತಪ್ಪನ್ನೆಲ್ಲ ಮಾತ್ರೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕಾಲಿನ ನಾಳದಲ್ಲಿ ಕಟ್ಟಿದ ಹೆಪ್ಪು ಬಿಡಿಸಿಕೊಂಡು ಹರಿದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬರ್ಲಿನ್ನಿನಲ್ಲಿ ತೋರಿಸಿಕೊಟ್ಟವನು ರುಡಾಲ್ಫ್ ವಿರ್ಶೊ. ಸತ್ತವರ ಎದೆಯಲ್ಲಿ ಸಿಕ್ಕಿದ ಹೆಪ್ಪಿನ ಮೂಲವನ್ನು ಅವನು ಎದೆಯಲ್ಲಿ ಹುಡುಕದೆ ಕಾಲಿನಲ್ಲಿ ಹುಡುಕಿದ. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಗಟ್ಟಿಯಾಗುವ ಒಲವು ಹೆಚ್ಚುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಲ್ಲೇ ಹೇಳುತ್ತಾರೆ. ಜಗಲಿಯ ಮಂಚದ ಮೇಲೆ ಮಲಗಿದ್ದ ನಮ್ಮ ಹುಡುಗನನ್ನು ಈ ಕಣ್ಣಿನಿಂದ ನೋಡಿದರೆ, ಔಷಧದ ಮಂಪರು, ಎದ್ದು ಓಡಾಡದ ದಿನಗಳು, ಹೆಚ್ಚಿದ ತೂಕ, ನೀರು ಕುಡಿಯಲೂ ಮರೆಯುವ ಮನಸ್ಸು, ಎಲ್ಲವೂ ಒಂದರ ಮೇಲೊಂದು ಕೂಡಿಕೊಂಡಿದ್ದು ಕಾಣುತ್ತದೆ. ಕೆಲವು ಔಷಧಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸಿ, ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಗುಣವನ್ನು ಹೆಚ್ಚಿಸುತ್ತವೆಂಬ ವಿವರಣೆಯೂ ಇದೆ. ಇದರಲ್ಲಿ ಮಾತ್ರೆಯ ಪಾಲೆಷ್ಟು, ರೋಗದ ಪಾಲೆಷ್ಟು, ಅವನನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸದೆ ಮಲಗಿರಲಿ ಬಿಡು ಎಂದ ನಮ್ಮ ಪಾಲೆಷ್ಟು? ಹಾಲಿನ ಪಾತ್ರೆಯನ್ನು ಅಲುಗಿಸಬಾರದು. ಮನುಷ್ಯನನ್ನು ಹಾಗೆ ಮೂಲೆಯಲ್ಲಿ ಮುಚ್ಚಿಡಬಾರದು. ನಮ್ಮ ಎಷ್ಟು ಮನೆಗಳಲ್ಲಿ ಗಲಾಟೆ ಮಾಡದೆ ಮಲಗಿರುವುದನ್ನೇ ಗುಣವಾಗುವುದೆಂದು ತಿಳಿದಿದ್ದೇವೆ! ಅವನು ಶಾಂತನಾದರೆ ಶಾಂತಿ ಸಿಕ್ಕಿದ್ದು ಹೆಚ್ಚಾಗಿ ನಮಗೆ.

ಇದೇ ವಿರ್ಶೊ 1848ರಲ್ಲಿ, ಇನ್ನೂ ಇಪ್ಪತ್ತಾರರ ಹರೆಯದವನು, ಅಪ್ಪರ್ ಸೈಲೀಸಿಯಾ ಪ್ರಾಂತ್ಯದಲ್ಲಿ ಹಬ್ಬಿದ್ದ ಟೈಫಸ್ ಜ್ವರದ ಕಾರಣ ಹುಡುಕಲು ಸರ್ಕಾರದ ಕಡೆಯಿಂದ ಹೋದವನು, ಮದ್ದಿನ ಮಾತು ಬಿಟ್ಟು ಆ ಬಡವರಿಗೆ ಶಿಕ್ಷಣ ಬೇಕು, ಸ್ವಾತಂತ್ರ್ಯ ಬೇಕು, ಅವರ ಭಾಷೆಗೆ ಮನ್ನಣೆ ಬೇಕು, ರಸ್ತೆ ಬೇಕು ಎಂದು ಬರೆದುಕೊಟ್ಟ. ನೋವು ತೋರುವ ಜಾಗವೇ ನೋವಿನ ಮೂಲವಲ್ಲ ಎಂಬ ಅರಿವು ಅವನಿಗೆ ಊರಿನ ವಿಷಯದಲ್ಲೂ ದೇಹದ ವಿಷಯದಲ್ಲೂ ಒಂದೇ ಆಗಿತ್ತೆಂದು ನನಗನಿಸುತ್ತದೆ.

ತೀವ್ರ ಮನೋರೋಗವಿರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಯೊಂದೇ ಅದಕ್ಕೆ ಕಾರಣವೆಂದು ಬಹುಮಂದಿ ಭಾವಿಸಿದ್ದಾರೆ. ಆದರೆ ಅದರಲ್ಲಿ ಬಹುಪಾಲು ಎಲ್ಲರಿಗೂ ಬರುವ, ಉಳಿದವರಲ್ಲಿ ಗುರುತಿಸಿ ಚಿಕಿತ್ಸೆ ಕೊಡುವ ಹೃದಯದ, ಶ್ವಾಸಕೋಶದ, ಸಕ್ಕರೆಯ ಕಾಯಿಲೆಗಳು. ಒಂದು ರೋಗದ ಹೆಸರು ಎಷ್ಟು ದಟ್ಟ ನೆರಳು ಚೆಲ್ಲುತ್ತದೆಂದರೆ ಅದರ ಕೆಳಗೆ ಇನ್ನೊಂದು ರೋಗ ಕಾಣುವುದೇ ಇಲ್ಲ. ಎದೆನೋವೆಂದರೆ ಗಾಬರಿ ಎನ್ನುತ್ತೇವೆ, ಉಸಿರು ಕಟ್ಟುತ್ತದೆಂದರೆ ಹೆದರಿಕೆ ಎನ್ನುತ್ತೇವೆ. ಹೆಪ್ಪು ಶ್ವಾಸಕೋಶಕ್ಕೆ ಹೋದಾಗ ಕಾಣುವುದೂ ಅವೇ ಎರಡು ಎಂಬುದನ್ನು ನೆನೆದರೆ ಮೈ ತಣ್ಣಗಾಗುತ್ತದೆ. ತಲೆ ಸರಿಯಿಲ್ಲ ಎಂದು ಒಮ್ಮೆ ಅಂದುಬಿಟ್ಟರೆ, ತಲೆಯ ಕೆಳಗಿರುವ ಅಷ್ಟೂ ದೇಹ ನಮ್ಮ ಕಣ್ಣಿಂದ ಮರೆಯಾಗುತ್ತದೆ. ಇದು ಅವರೊಬ್ಬರಿಗೇ ಆಗುವ ಅನ್ಯಾಯವೂ ಅಲ್ಲ. ವಯಸ್ಸಾದ ಅಜ್ಜಿ ಮಂಡಿ ನೋವೆಂದರೆ ವಯಸ್ಸಾಯಿತಲ್ಲ ಎನ್ನುವುದು, ಬಸುರಿ ಸೊಸೆ ಸುಸ್ತೆಂದರೆ ನಾವೆಲ್ಲ ಹೆತ್ತಿಲ್ಲವೇ ಎನ್ನುವುದು, ಕುಡುಕ ಹೊಟ್ಟೆನೋವೆಂದರೆ ಅನುಭವಿಸಲಿ ಎನ್ನುವುದು, ಎಲ್ಲವೂ ಒಂದೇ ಜಾತಿಯ ಕಿವುಡು. ಒಬ್ಬರ ಬಗ್ಗೆ ನಮ್ಮ ತೀರ್ಮಾನ ಹೆಪ್ಪುಗಟ್ಟಿದ ಮೇಲೆ ಅವರ ಮಾತು ನಮ್ಮೊಳಗೆ ಹರಿಯುವುದಿಲ್ಲ.

ಚಿಕ್ಕಮ್ಮನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮಗನ ಮಾತನ್ನು ನಂಬದಿದ್ದರೂ, ಆ ರಾತ್ರಿ ಅವಳು ಕೊಬ್ಬರಿ ಎಣ್ಣೆ ಬಿಸಿಮಾಡಿ ಅವನ ಕಾಲಿಗೆ ಹಚ್ಚಿ ನೀವಿದ್ದಳಂತೆ. ನಮ್ಮಲ್ಲಿ ಅಮ್ಮಂದಿರ ಪ್ರೀತಿಗೆ ಅದಕ್ಕಿಂತ ಹಳೆಯ ಭಾಷೆ ಇಲ್ಲ. ಆದರೆ ನಾಳದಲ್ಲಿ ಹೆಪ್ಪು ಕಟ್ಟಿರಬಹುದೆಂಬ ಅನುಮಾನವಿರುವ ಕಾಲನ್ನು ಒತ್ತಬಾರದು, ತಿಕ್ಕಬಾರದು, ಹಾಗೆ ಮಾಡಿದರೆ ಅದು ಸಡಿಲಾಗಿ ಮೇಲಕ್ಕೆ ಹೋಗಬಹುದು ಎಂದು ವೈದ್ಯರು ಎಚ್ಚರಿಸುತ್ತಾರೆ. ಅವಳಿಗೆ ಅದನ್ನು ಯಾರು ಹೇಳಿದ್ದರು? ಇಷ್ಟು ವರ್ಷ ತಿಂಗಳು ತಪ್ಪದೆ ಮಾತ್ರೆ ತಂದು ಕೊಟ್ಟವಳು ಅವಳು. ನಮ್ಮಲ್ಲಿ ಔಷಧದಂಗಡಿಯವರು ಹತ್ತು ಮಾತ್ರೆ, ಹದಿನೈದು ಮಾತ್ರೆ ಎಂದು ಪಟ್ಟಿಯಿಂದ ಕತ್ತರಿಸಿ ಕಾಗದದ ಲಕೋಟೆಯಲ್ಲಿ ಹಾಕಿಕೊಡುತ್ತಾರೆ; ಎಚ್ಚರಿಕೆಯ ಚೀಟಿ ಅದರ ಜೊತೆ ಬರುವುದಿಲ್ಲ, ಬಂದರೂ ಅದು ಇಂಗ್ಲಿಷಿನದು, ಇರುವೆಯಷ್ಟು ಸಣ್ಣ ಅಕ್ಷರದ್ದು.

ಹೇಳಿದರೆ ಹೆದರಿ ಮಾತ್ರೆ ಬಿಟ್ಟಾರು ಎಂಬ ವೈದ್ಯರ ಅಳುಕನ್ನು ನಾನು ಹಗುರಾಗಿ ಕಾಣಲಾರೆ. ಬಿಟ್ಟವರ ಮನೆಗಳ ಕಷ್ಟ ಕಣ್ಣಾರೆ ಕಂಡವರು ಅವರು. ಹೊರರೋಗಿ ವಿಭಾಗದ ಉದ್ದನೆಯ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆದರೂ 2017ರ ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಗೂ ಅವರು ಹೆಸರಿಸಿದ ಪ್ರತಿನಿಧಿಗೂ ಕೊಡಲಿರುವ ಚಿಕಿತ್ಸೆ ಯಾವುದು, ಅದರ ಗೊತ್ತಿರುವ ಅಡ್ಡಪರಿಣಾಮಗಳು ಯಾವುವು ಎಂಬುದನ್ನು ತಿಳಿಯುವ ಹಕ್ಕನ್ನು ಕೊಟ್ಟಿದೆ. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ. ಮನೋರೋಗಿಯನ್ನು ದೇಹದ ರೋಗವುಳ್ಳವರಿಗೆ ಸಮನಾಗಿ ಕಾಣಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2018ರ ಮಾರ್ಗಸೂಚಿಯೊಂದು, ಮನೋರೋಗದ ವಾರ್ಡಿಗೆ ತುರ್ತಾಗಿ ದಾಖಲಾದ ಪ್ರತಿಯೊಬ್ಬರಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟಿದೆಯೆಂದು ನೋಡಬೇಕೆಂದು ಸೂಚಿಸಿತು. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಮಾಡುವ ವಿಚಾರಣೆಯನ್ನೇ ಅಲ್ಲೂ ಮಾಡಿ ಎಂಬ ಈ ಮಾತು ಸಣ್ಣದಾಗಿ ಕಾಣಬಹುದು, ಆದರೆ ಈ ಮಂಚದ ಮೇಲೆ ಮಲಗಿದವರಿಗೂ ಕಾಲುಗಳಿವೆ ಎಂದು ಒಪ್ಪಿಕೊಂಡದ್ದು ಅದರಲ್ಲಿದೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಸಾಮಾನ್ಯ ವೈದ್ಯರೂ ಮನಸ್ಸಿನ ಕಾಯಿಲೆಯನ್ನು ಗುರುತಿಸಬಲ್ಲರು ಎಂದು ತೋರಿಸಿಕೊಟ್ಟ ನಾಡು ನಮ್ಮದು. ಮನಸ್ಸಿನ ಕಾಯಿಲೆಯವರ ದೇಹವನ್ನೂ ಗಮನಿಸುವುದು ಅಂಥ ನಾಡಿಗೆ ಮೀರಿದ ಕೆಲಸವೇ?

ಹೇಳಲು ದೊಡ್ಡ ಪದಗಳೂ ಬೇಕಿಲ್ಲ. 'ಅಮ್ಮಾ, ಈ ಮಾತ್ರೆ ಬೇಕೇ ಬೇಕು, ನೀವಾಗಿ ನಿಲ್ಲಿಸಬೇಡಿ. ಅಪರೂಪಕ್ಕೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು, ಅದರಲ್ಲೂ ಮೊದಲ ಮೂರು ತಿಂಗಳು. ಅವನನ್ನು ಎಬ್ಬಿಸಿ ನಡೆಸಿ, ನೀರು ಕುಡಿಸಿ. ಒಂದೇ ಕಾಲು ಊದಿದರೆ ತಿಕ್ಕಬೇಡಿ, ಕರೆದುಕೊಂಡು ಬನ್ನಿ.' ಎಣಿಸಿ ನೋಡಿದರೆ ಇದಕ್ಕೆ ಅರ್ಧ ನಿಮಿಷ ಹಿಡಿಯದು. ಹೆಪ್ಪು ಎಂಬ ಪದವನ್ನು ಯಾವ ಕನ್ನಡದ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ನರ್ಸಮ್ಮನ ಹೆಸರನ್ನು ನಾವು ಕೇಳಿಕೊಳ್ಳಲಿಲ್ಲ. ಅವನ ವಾಕ್ಯದಲ್ಲಿ ಭ್ರಮೆ ಎಷ್ಟು, ನಿಜ ಎಷ್ಟು ಎಂದು ಅವರು ತೂಗಿನೋಡಲು ಹೋಗಲಿಲ್ಲ, ಎರಡು ಕಾಲುಗಳನ್ನು ಅಳೆದರು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಮಾತ್ರೆಗಳ ಆಸರೆಯಲ್ಲಿ ಬದುಕುತ್ತಿರುವ ಒಬ್ಬರಿದ್ದಾರು. ಅವರು ಕಾಲು ಭಾರವೆಂದರೆ, ಮೀನಖಂಡ ಬಿಸಿಯಾಗಿದೆಯೆಂದರೆ, ದಯವಿಟ್ಟು ದೀಪ ಹಾಕಿ, ಹೊದಿಕೆ ಸರಿಸಿ, ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಊದಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ. ಇದ್ದಕ್ಕಿದ್ದಂತೆ ಎದೆ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾಗುತ್ತಿದ್ದರೆ ಆ ಕ್ಷಣವೇ 108ಕ್ಕೆ ಕರೆಮಾಡಿ. ಅಲ್ಲಿ ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಹೇಳಿ, ಕಾಲು ಯಾವಾಗಿನಿಂದ ನೋಯುತ್ತಿದೆಯೆಂಬುದನ್ನು ಮಾತ್ರ ಅವರ ಬಾಯಿಂದಲೇ ಹೇಳಲು ಬಿಡಿ.